ಕಲ್ಲವ್ವ ದಾಟುವ ರಸ್ತೆ

ಊರು ಬೆಳೆಯುತ್ತ ಬೆಳೆಯುತ್ತ ಮಠದ ಬಾಗಿಲಿಗೇ ಬಂತು. ಬಾಗಿಲ ಮುಂದೆ ಅಗಲವಾದ ರಸ್ತೆ ಬಿತ್ತು. ಹಗಲೆಲ್ಲ ಹಾರ್ನ್. ಧ್ಯಾನಕ್ಕೆ ಕೂತವರ ಕಿವಿಯೂ ರಸ್ತೆಯ ಮೇಲೆಯೇ.

ಅಲ್ಲಿ ನಡೆದು ದಾಟುವವರಿಗೆ ಬಿಳಿ ಪಟ್ಟೆ ಸಾಕೋ, ಸಿಗ್ನಲ್ ಬೇಕೋ ಎಂದು ಎಂಜಿನಿಯರು ಮಠವನ್ನೇ ಕೇಳಿದರು. ನೋಡಿ ಬಾ ಎಂದು ಗುರುಗಳು ಶಿಷ್ಯ ಚೆನ್ನವೀರನನ್ನು ಕಳಿಸಿದರು.

ಚೆನ್ನವೀರನದು ಎಲ್ಲದರಲ್ಲೂ ಅವಸರ. ಹೋದ, ದಾಟಿದ, ಬಂದ.

"ಪಟ್ಟೆ ಸಾಕ್ರಿ ಅಜ್ಜಾರ. ನಾ ಕಾಲಿಟ್ಟ ಕೂಡಲೇ ಗಾಡಿ ನಿಂತುವು. ಲಾರಿಯವ ಕೈನೂ ಮುಗಿದ."

"ಯಾರಿಗೆ ಮುಗಿದ?"

"ನನಗ್ರಿ."

ಗುರುಗಳು ನಕ್ಕರು. ಒಳಗಿಂದ ಒಂದು ಹಳೆಯ ಲುಂಗಿ, ಮಾಸಿದ ಅಂಗಿ ತರಿಸಿದರು.

"ಕಾವಿ ಬಿಚ್ಚಿಡು. ಇದನ್ನ ಹಾಕ್ಕೊಂಡು ಹೋಗಿ ಕಲ್ಲವ್ವನ್ನ ಕರ್ಕೊಂಡು ಬಾ."

ದಾಸೋಹಕ್ಕೆ ರೊಟ್ಟಿ ಬಡಿಯುವ ಕಲ್ಲವ್ವ ರಸ್ತೆಯಾಚೆಯ ಓಣಿಯವಳು. ಮೊಣಕಾಲು ನೋವಿನ ಮುದುಕಿ. ದಿನಾ ಒಬ್ಬಳೇ ದಾಟಿ ಬರುತ್ತಿದ್ದಳು. ಹೇಗೆ ಬರುತ್ತಾಳೆ ಎಂದು ಮಠದಲ್ಲಿ ಯಾರೂ ಕೇಳಿರಲಿಲ್ಲ. ರೊಟ್ಟಿ ಬಿಸಿಯಾಗಿರುತ್ತಿತ್ತಲ್ಲ, ಸಾಕು.

ಹೋಗುವಾಗ ಚೆನ್ನವೀರ ಓಡಿ ದಾಟಿದ. ಬರುವಾಗ ಕಲ್ಲವ್ವನ ಕೈ ಹಿಡಿದಿದ್ದ. ಓಡುವಂತಿರಲಿಲ್ಲ.

ಕಾಲಿಟ್ಟ. ಒಂದು ಗಾಡಿಯೂ ನಿಲ್ಲಲಿಲ್ಲ. ಕೈ ಎತ್ತಿದ. ಒಬ್ಬ ಬೈದು ಹೋದ. ಹೇಗೋ ನಡುವಿನ ಡಿವೈಡರ್ ಮುಟ್ಟಿ ಅಲ್ಲಿ ಸಿಕ್ಕಿಬಿದ್ದರು.

"ದಿನಾ ಹಿಂಗ ಏನಬೇ?"

"ಹಿಂಗನ ಯಪ್ಪಾ. ಶಿವಾ ಅಂತ ಕಣ್ಣು ಮುಚ್ಚಿ ಇಳಿತೀನಿ."

ಗುರುಗಳು ಮಠದ ಬಾಗಿಲಲ್ಲಿ ನಿಂತಿದ್ದರು. ಚೆನ್ನವೀರ ಅವರನ್ನು ಕರೆದ.

"ಅಜ್ಜಾರ, ಇಳದ ಬರ್ರಿ! ನಿಮ್ಮನ್ನ ನೋಡಿದ್ರ ನಿಲ್ಲತಾರ!"

ಗುರುಗಳು ಕದಲಲಿಲ್ಲ.

ಕೊನೆಗೆ ಕಲ್ಲವ್ವನೇ ಅವನನ್ನು ಎಳೆದುಕೊಂಡು ಇಳಿದಳು. ಟೆಂಪೊ ಒಂದು ಅವಳ ಸೆರಗು ಸವರಿಕೊಂಡು ಹೋಯಿತು.

ಬಾಗಿಲಿಗೆ ಬಂದವನೇ ಚೆನ್ನವೀರ ಗುರುಗಳ ಮೇಲೆ ಹರಿಹಾಯ್ದ.

"ಮುದುಕಿ ಸಾಯತಿದ್ಲು! ನೀವು ನೋಡಕೋತ ನಿಂತ್ರಿ!"

"ಹೌದು," ಎಂದರು ಗುರುಗಳು. ಅವರ ಮುಖ ಬಿಳಿಚಿತ್ತು. "ಇಷ್ಟು ದಿನಾ ನಾವು ನೋಡೇ ಇರಲಿಲ್ಲ."

ಅಷ್ಟರಲ್ಲಿ ಎಂಜಿನಿಯರ ಜೀಪು ಬಂತು.

"ಪಟ್ಟೆ ಸಾಕಲ್ರೀ?"

"ಸಾಲೂದಿಲ್ಲ!" ಚೆನ್ನವೀರ ಕೂಗಿದ. "ಸಿಗ್ನಲ್ ಬೇಕು. ಕಾಲು ಸೋತವರು ನಡುವ ನಿಲ್ಲಾಕ ಜಾಗಾ ಬೇಕು. ಇವತ್ತ ಬೇಕು!"

"ಇವತ್ತ ಹೆಂಗ್ರಿ? ಮಂಜೂರಾತಿ ಸಿಗಬೇಕು, ಮಳೆಗಾಲ ಮುಗೀಬೇಕು. ಅಲ್ಲೀತನಕ ಹೆಂಗೋ ಸಂಭಾಳಸ್ರಿ."

ಕಲ್ಲವ್ವ ಆಗಲೇ ಸೆರಗು ಬಿಗಿದು ಅಡುಗೆಮನೆಯತ್ತ ಹೊರಟಿದ್ದಳು. ಗುರುಗಳು ಹೋಗಿ ಅವಳ ಕೈ ಹಿಡಿದರು.

"ಚೆನ್ನವೀರ, ಹಂಚು, ಹಿಟ್ಟಿನ ಚೀಲ ಎತ್ತು. ಈಕಿನ್ನ ನಾನ ಮನೀಗೆ ಮುಟ್ಟಸತೀನಿ. ರೊಟ್ಟಿ ಅಲ್ಲೇ ಬಡೀಲಿ. ಸಿಗ್ನಲ್ ಬರೂತನಕ ಕಲ್ಲವ್ವ ದಾಟೂದು ಬ್ಯಾಡ, ಮಠ ದಾಟಲಿ."