ಮಡಹಾಗಲ ಮಣ್ಣಿಗಿಳಿದ ಕತೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ನದಿಗಳು ದಾರಿ ಹುಡುಕುತ್ತಾ ಅಲೆಯುತ್ತಿದ್ದವು. ಆಗ ಯಾವ ಬಳ್ಳಿಯೂ ಒಣಗುತ್ತಿರಲಿಲ್ಲ. ಮಡಹಾಗಲವೂ ಅಷ್ಟೇ. ವರ್ಷವಿಡೀ ಹಸಿರು, ವರ್ಷವಿಡೀ ಕಾಯಿ. ಕಾಯಿಯ ಮೈ ಮೊಟ್ಟೆಯ ಹಾಗೆ ನುಣ್ಣಗಿತ್ತು.

ಹೊಳೆಯಂಚಿನಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬಳೇ ಮಗಳು, ಬೆಳ್ಳಿ. ಮಡಹಾಗಲ ಆಗ ಕಾಡಿನಲ್ಲಿ ಮಾತ್ರ ಬೆಳೆಯುತ್ತಿತ್ತು. ಬೆಳ್ಳಿ ಒಂದು ಕುಡಿ ತಂದು ಹಿತ್ತಲಲ್ಲಿ ನೆಟ್ಟಳು.

“ಕಾಡಿನ ಬಳ್ಳಿ ಕಣೇ, ಮನೇಲಿ ನಿಲ್ಲಲ್ಲ,” ಅಂದಳು ಕೆಂಚವ್ವ.

ಕುಡಿಗೂ ಭಯವೇ. ಹೊಸ ಜಾಗದಲ್ಲಿ ಮುದುಡಿ ಕೂತಿತ್ತು. ಬೆಳ್ಳಿ ದಿನವೂ ಅದರ ಪಕ್ಕ ಕೂತು ಮಾತಾಡಿದಳು, ನೀರು ಹಾಕಿದಳು. ಮೆಲ್ಲಗೆ ಬಳ್ಳಿ ಚಪ್ಪರಕ್ಕೆ ಹಬ್ಬಿತು, ಕಾಯಿ ಬಿಟ್ಟಿತು.

ಒಂದು ಸಲ ಬೆಳ್ಳಿಗೆ ಜ್ವರ ಬಂತು. ಗಾಳಿ ತಣ್ಣಗೆ ಬೀಸಿತು. ಹೊಳೆ ತಿಳಿನೀರು ಕೊಟ್ಟಿತು. ಜ್ವರ ಇಳಿಯಲಿಲ್ಲ. ಬೆಳ್ಳಿ ಹೋಗಿಬಿಟ್ಟಳು. ಕೆಂಚವ್ವ ಅವಳನ್ನು ಬಳ್ಳಿಯ ಬುಡದ ಹತ್ತಿರವೇ ಮಣ್ಣು ಮಾಡಿದಳು.

ಬಳ್ಳಿ ಭೂಮಿಯನ್ನು ಕೇಳಿತು, “ಭೂಮ್ತಾಯೀ, ಮಗು ಏನ್ಮಾಡ್ತಿದೆ?”

“ಕತ್ತಲೆಗೆ ಹೆದರಿ ಅಳ್ತಿದೆ.”

“ವಾಪಸ್ ಕಳಿಸು.”

“ಅದು ನನ್ನ ಕೈಲಾಗಲ್ಲಪ್ಪ.”

“ಹಾಗಾದ್ರೆ ನಾನೇ ಬರ್ತೀನಿ.”

“ಬಂದ್ರೆ ನಿನ್ನ ಎಲೆ ಉಳಿಯಲ್ಲ, ಹೂವು ಉಳಿಯಲ್ಲ.”

“ಹೋಗ್ಲಿ ಬಿಡು,” ಅಂದಿತು ಬಳ್ಳಿ.

ಒಂದೊಂದೇ ಎಲೆ ಒಣಗಿತು. ಕೆಂಚವ್ವ ಬರಿದಾದ ಚಪ್ಪರದ ಗಳ ಹಿಡಿದು, “ನೀನೂ ಹೋದ್ಯಾ?” ಅಂತ ಅತ್ತಳು. ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ಅವಳು ಹಿತ್ತಲ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲ ಮಳೆ ಬಿತ್ತು. ಮಣ್ಣು ಸೀಳಿಕೊಂಡು ಎಳೆ ಕುಡಿ ಮೇಲೆ ಬಂತು. ಕೆಂಚವ್ವ ಓಡಿ ಬಂದು ಮಂಡಿಯೂರಿದಳು.

“ನನ್ನ ಮಗು ಹೇಗಿದೆ?”

“ಈಗ ಅಳಲ್ಲ ಅವ್ವಾ. ನನ್ನ ಗೆಡ್ಡೆ ತಬ್ಬಿಕೊಂಡು ಮಲಗುತ್ತೆ.”

“ಜೊತೇಲಿ ಕರ್ಕೊಂಡು ಬರಬಾರದಿತ್ತಾ?”

ಬಳ್ಳಿಯ ಎಳೆ ಕುಡಿ ಅವಳ ಬೆರಳಿಗೆ ಸುತ್ತಿಕೊಂಡಿತು.

ಆ ಮಳೆಗಾಲ ಅದು ಮತ್ತೆ ಕಾಯಿ ಬಿಟ್ಟಿತು. ಕಾಯಿಯ ಮೈತುಂಬಾ ಮುಳ್ಳು ಎದ್ದಿತ್ತು. ಕೆಂಚವ್ವ ಮೆಲ್ಲಗೆ ಸವರಿ ಕೇಳಿದಳು, “ಇದೇನಿದು?”

“ಚಳಿ ಅವ್ವಾ. ಮಣ್ಣೊಳಗೆ ತುಂಬಾ ಚಳಿ.”

ಕೆಂಚವ್ವ ಕಾಯಿಯನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಹಿಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹಾಗಾದ್ರೆ ಇಲ್ಲಿ ನಿಲ್ಲಬೇಡ. ಬೇಗ ಹೋಗು. ಅವಳೊಬ್ಬಳೇ ಇದಾಳೆ,” ಅಂದಳು.

ಅದಕ್ಕೇ ಪುಟ್ಟಾ, ನಮ್ಮ ಹಿತ್ತಲ ಮಡಹಾಗಲದ ಕಾಯಿ ಮುಟ್ಟಿದರೆ ಇವತ್ತಿಗೂ ಚಳಿಗೆ ಎದ್ದ ಆ ಮೆತ್ತನೆಯ ಮುಳ್ಳು ಕೈಗೆ ಸಿಗುತ್ತೆ, ಮಳೆಗಾಲ ಮುಗಿದ ಕೂಡಲೇ ಬಳ್ಳಿ ಯಾರಿಗೂ ಕಾಯದೆ ಒಣಗಿ ಮಣ್ಣಿಗಿಳಿಯುತ್ತೆ.