ಬೆರಕೆ ಪಲ್ಯದ ಡಿಗ್ರಿ

ಮಠದ ಪ್ರಸಾದ ನಿಲಯದಲ್ಲಿ ಬೆಳಿಗ್ಗೆ ಗಂಭೀರ ಘಟನೆಯೊಂದು ನಡೆಯಿತು. ವಿದ್ಯಾರ್ಥಿ ಗುರುಪಾದ ತಟ್ಟೆಯಲ್ಲಿ ಹಲವು ತರಕಾರಿಯ ಬೆರಕೆ ಪಲ್ಯ ಬಿಟ್ಟ. ಅಲ್ಲಿ ಪ್ರಸಾದ ಬಿಟ್ಟು ಏಳುವಂತಿಲ್ಲ. ಪಂಕ್ತಿಯೆಲ್ಲ ಎದ್ದು ಹೋದರೂ ಅವನು ತಟ್ಟೆಯ ಮುಂದೆ ಕುಳಿತೇ ಇದ್ದ. ಸ್ವಾಮಿಗಳು ಬಂದು ಕಾರಣ ಕೇಳಿದರು.

“ಬುದ್ಧೀ, ನಾನು ಕಾಲೇಜಿನಲ್ಲಿ ಜಗತ್ತಿನ ಸಮಸ್ಯೆಗಳ ವಿಷಯ ತೆಗೆದುಕೊಂಡೆ. ಸ್ವಲ್ಪ ಅರ್ಥಶಾಸ್ತ್ರ, ಸ್ವಲ್ಪ ಆರೋಗ್ಯ, ಸ್ವಲ್ಪ ಪರಿಸರ. ‘ನಿನ್ನದು ಬೆರಕೆ ಪಲ್ಯದ ಡಿಗ್ರಿ, ಇನ್ನೊಂದು ಸೌಟು ಹಾಕಿಸಿಕೋ’ ಅಂತ ಎಲ್ಲರೂ ನಗುತ್ತಾರೆ. ವಿಷಯ ಬದಲಿಸಲು ಇವತ್ತೇ ಕೊನೆ. ಯಾವುದನ್ನೂ ಪೂರ್ತಿ ಕಲಿಯದವನು ಯಾರಿಗೆ ಬೇಕು?”

ಸ್ವಾಮಿಗಳು ಪಕ್ಕದಲ್ಲೇ ಕುಳಿತು ಒಂದು ಕಥೆ ಹೇಳಿದರು:

ಒಂದು ಊರಿನಲ್ಲಿ ಮಕ್ಕಳಿಗೆ ಹೊಟ್ಟೆನೋವು ಬಂತು. ವೈದ್ಯ ಕಷಾಯ ಕೊಟ್ಟ. ನೋವು ಹೋಯಿತು, ಮತ್ತೆ ಬಂತು. ಅವನು ಒಳ್ಳೆಯ ವೈದ್ಯ. ಇನ್ನೂ ಒಳ್ಳೆಯ ಕಷಾಯ ಕೊಟ್ಟ.

ಊರ ಮೇಲುಗಡೆ ಒಬ್ಬ ಬಣ್ಣಗಾರ ಬಟ್ಟೆ ಅದ್ದಿ, ಬಣ್ಣದ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದ. ಊರು ಕುಡಿಯುವುದು ಅದೇ ಹಳ್ಳದ ನೀರು. ಒಬ್ಬರ ಕಸುಬಿನ ಮಾತು ಇನ್ನೊಬ್ಬರು ಎತ್ತುವುದು ಆ ಊರಲ್ಲಿ ಅಗೌರವ. ಹಾಗಾಗಿ ವೈದ್ಯನೂ ಬಣ್ಣಗಾರನೂ ಪ್ರತಿದಿನ ಕೈಮುಗಿದು ದಾಟಿ ಹೋಗುತ್ತಿದ್ದರು. ಬಣ್ಣಗಾರನ ಮಗಳೂ ಕಷಾಯ ಕುಡಿಯುತ್ತಿದ್ದಳು.

ಒಬ್ಬ ತಾಯಿ ಆ ಮರ್ಯಾದೆ ಬಿಟ್ಟಳು. ನೋವು ಮತ್ತೆ ಮತ್ತೆ ಏಕೆ ಬರುತ್ತದೆ ಎಂದು ವೈದ್ಯನನ್ನು ಕೇಳಿದಳು. ಹಳ್ಳದ ಗುಂಟ ನಡೆದು, ಬಣ್ಣದ ನೀರನ್ನು ಇದಕ್ಕೇ ಏಕೆ ಬಿಡುತ್ತೀ ಎಂದು ಬಣ್ಣಗಾರನನ್ನು ಕೇಳಿದಳು.

“ನಿನಗೆ ಬಣ್ಣದ ಕೆಲಸ ಬರುತ್ತದೇನಕ್ಕಾ?”

“ಇಲ್ಲಪ್ಪ.”

“ವೈದ್ಯದ ಕೆಲಸ?”

“ಅದೂ ಬರದು. ಈ ನೀರು ಇಲ್ಲಿಂದ ನಿನ್ನ ಮನೆ ಬಿಂದಿಗೆಗೆ ಹೋಗುತ್ತದೆ. ಅಷ್ಟು ಗೊತ್ತು.”

ಬಣ್ಣಗಾರ ಬಹಳ ಹೊತ್ತು ಹಳ್ಳವನ್ನೇ ನೋಡಿದ. ಬಣ್ಣದ ನೀರಿಗೆ ಬೇರೆ ಹೊಂಡ ತೋಡುತ್ತೇನೆ, ಆದರೆ ಅದರಿಂದ ಬಟ್ಟೆ ತಡವಾದರೆ ವ್ಯಾಪಾರಿ ಬಿಡುವುದಿಲ್ಲ ಎಂದ. ಅವಳು ವ್ಯಾಪಾರಿಯ ಬಳಿಗೂ ಹೋದಳು. ಕಡಲಾಚೆಯ ಜನಕ್ಕೆ ಕೆಂಪು ಬಟ್ಟೆಯ ಹುಚ್ಚು ಹಿಡಿದಿದೆ ಎಂದು ಅಲ್ಲಿ ತಿಳಿಯಿತು. ಅವರು ಮುಂದಿನ ಹಡಗಿಗೆ ಕಾದು ಕೆಂಪು ಉಟ್ಟರೆ ಸಾಯುತ್ತಾರೆಯೇ ಎಂದು ಕೇಳಿದಳು. ವ್ಯಾಪಾರಿ ಯೋಚಿಸಿ, ಇಲ್ಲ ಎಂದ. ಹೊಂಡ ಆಯಿತು. ಮಕ್ಕಳು ಚೇತರಿಸಿಕೊಂಡರು.

ಗುರುಪಾದ ಕೇಳಿದ: “ಆದರೂ ಬುದ್ಧೀ, ಆಕೆಯದು ಯಾವ ಕಸುಬು ಅಂತ ಊರವರು ಕೇಳಲಿಲ್ಲವೇ?”

“ಮಕ್ಕಳೆಲ್ಲ ಬೀದಿಗೆ ಆಡಲು ಬಂದಿದ್ದರು, ತಮ್ಮಾ, ಅದನ್ನು ಕೇಳಬೇಕೆಂದು ಯಾರಿಗೂ ನೆನಪಾಗಲಿಲ್ಲ.”

ಗುರುಪಾದ ಆರಿದ ಪಲ್ಯ ತಿಂದು ತಟ್ಟೆ ತೊಳೆದಿಟ್ಟ. ವಿಷಯ ಬದಲಿಸುವ ಅವಧಿ ಸಂಜೆ ಮುಗಿಯಿತು. ಅವನು ಬದಲಿಸಲಿಲ್ಲ.