ಬಲೆ ಬಿಟ್ಟ ಜಾಗದ ಅಂಕಿ

ದೇವರು ಬುದ್ಧಿ ಹಂಚುವಾಗ ನಿದ್ದೆಹೋದವರೂ ಅವನ ಮಕ್ಕಳೇ. ಹಾಗಂದುಕೊಂಡೇ ಈ ಪಾಂಡುವಿನ ಕತೆ ಕೇಳಿ. ಕಡಲ ಬದಿಯ ಒಂದೂರಲ್ಲಿ ದುರ್ಗಮ್ಮ ಅಂತ ಒಬ್ಬ ವಿಧವೆ. ಅವಳ ಮಗನೇ ಪಾಂಡು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಮನೆಯಲ್ಲಿದ್ದ ಆಸ್ತಿ ಒಂದೇ, ಅವಳು ಆರು ತಿಂಗಳು ಕೂತು ಹೆಣೆದ ಬಲೆ.

“ಇವನನ್ನು ನಿನ್ನ ದೋಣಿಗೆ ಹಾಕ್ಕೋ ಅಣ್ಣ. ಬಲೆ ಮಾತ್ರ ಜೋಪಾನ. ಅದು ಹೋದ್ರೆ ನಮಗೆ ಗಂಜಿಗೂ ಗತಿಯಿಲ್ಲ,” ಅಂದಳು ಅಣ್ಣ ಮಾಸ್ತಿಗೆ.

ಸಂಜೆ ಪಾಂಡು ಒಬ್ಬನೇ ಬಲೆ ಬಿಟ್ಟು ಬರುವುದು, ಬೆಳಿಗ್ಗೆ ಇಬ್ಬರೂ ಹೋಗಿ ಎಳೆಯುವುದು. ನೀರಲ್ಲಿ ಜಾಗದ ಗುರುತು ಎಲ್ಲಿ ಸಿಕ್ಕೀತು? ಅದಕ್ಕೇ ದೋಣಿಯಲ್ಲೊಂದು ಹಳೆಯ ಜಿಪಿಎಸ್ ಪೆಟ್ಟಿಗೆ. ಇದ್ದ ಜಾಗದ ಅಂಕಿ ತೋರಿಸುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ; ಅಂಕಿ ಹಾಕಿದರೆ ಆ ಜಾಗ ಮುಟ್ಟಿದಾಗ ಕೀಂ ಅನ್ನುತ್ತದೆ.

“ಬಲೆ ಬಿಟ್ಟಾದ ಮೇಲೆ ಪೆಟ್ಟಿಗೆ ತೋರಿಸೋ ಅಂಕಿ ಬರ್ಕೋ,” ಅಂದ ಮಾಸ್ತಿ.

ಪಾಂಡು ಬಲೆ ಬಿಟ್ಟ, ದಡಕ್ಕೆ ಬಂದ, ದೋಣಿ ಕಟ್ಟಿದ, ಆಮೇಲೆ ಬರೆದ. ಮರುದಿನ ಆ ಅಂಕಿ ಹಾಕಿದರೆ, ಹಗ್ಗ ಬಿಚ್ಚುವ ಮೊದಲೇ ಪೆಟ್ಟಿಗೆ ಕೀಂ ಅಂದಿತು.

“ಬಂದು ಮುಟ್ಟಿದೆವು ಮಾವ.”

“ಥೂ ಪೆದ್ದೇ, ಇದು ದೋಣಿ ಕಟ್ಟೋ ಜಾಗದ ಅಂಕಿ. ಬಲೆ ಎಲ್ಲಿರ್ತದೋ ಅಲ್ಲೇ ಬರೀಬೇಕು.”

ದಿನವಿಡೀ ಸುತ್ತಿದರು. ದೇವರ ದಯೆ, ಬಲೆ ಸಿಕ್ಕಿತು.

ಆ ಸಂಜೆ ಪಾಂಡು ಬಲೆ ಇದ್ದಲ್ಲೇ ಬರೆದ. ಬಲೆಯ ಮೇಲೆ ತೇಲುವ ಬೆಂಡಿನ ಮೇಲೆ ದಪ್ಪಗೆ ಬರೆದು ನೀರಿಗೆ ಬಿಟ್ಟ.

“ಅಂಕಿ ಎಲ್ಲೋ?” ಮರುದಿನ ಮಾಸ್ತಿ ಕೇಳಿದ.

“ಬಲೆ ಹತ್ರವೇ ಇದೆ ಮಾವ. ಹೋಗಿ ನೋಡಿದ್ರಾಯ್ತು.”

“ಹೋಗೋದಕ್ಕೇ ಅಂಕಿ ಬೇಕಲ್ಲೋ ಕೋಣ.”

ಆ ಸಲವೂ ದೇವರೇ ಕೈಹಿಡಿದ. ಬೇರೆ ದೋಣಿಯವರು ಬೆಂಡು ಕಂಡು ಕೂಗಿ ಹೇಳಿದರು.

“ಅವರೇ ಮೀನು ಬಿಡಿಸ್ಕೊಂಡು ಹೋಗಿದ್ರೆ?” ಮಾಸ್ತಿ ಕೂರಿಸಿ ಕಲಿಸಿದ. “ಕಾಗದದಲ್ಲಿ ಬರಿ. ಮೊದಲು ಉತ್ತರದ್ದು, ಹದಿಮೂರು ಡಿಗ್ರಿಯಿಂದ ಶುರು. ಆಮೇಲೆ ಪೂರ್ವದ್ದು, ಎಪ್ಪತ್ತನಾಲ್ಕರಿಂದ. ಡಿಗ್ರಿ ಆದ್ಮೇಲೆ ಬರೋ ಮಿನಿಟಿನ ಅಂಕಿಯಲ್ಲಿ ಚುಕ್ಕಿ ಆಚೀಚೆ ಆಗ್ಬಾರ್ದು. ಜೇಬಲ್ಲಿಟ್ಕೋ. ಯಾರೇ ಕೇಳ್ಲಿ, ಸತ್ತರೂ ಹೇಳ್ಬೇಡ, ತೋರಿಸ್ಬೇಡ.”

ಮೂರನೆಯ ಸಂಜೆ ಪಾಂಡು ಬರೆದದ್ದು ಮುತ್ತಿನಂಥ ಅಂಕಿ. ಉತ್ತರ ಮೊದಲು, ಪೂರ್ವ ಆಮೇಲೆ, ಚುಕ್ಕಿ ಅದರ ಜಾಗದಲ್ಲಿ. “ಇವತ್ತು ಸರಿಯಾಗಿ ಬರ್ದೆ ಅಮ್ಮ,” ಅಂದ. ದುರ್ಗಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಬೆಳಿಗ್ಗೆ ನಡುಗಡಲಲ್ಲಿ ಮಾಸ್ತಿ ಕೇಳಿದ, “ಅಂಕಿ ಓದು.”

“ಯಾರೇ ಕೇಳ್ಲಿ ಹೇಳ್ಬೇಡ ಅಂದಿದ್ದೀರಿ.”

“ನಾನು ನಿನ್ನ ಮಾವ ಮಾರಾಯ.”

“ಕೇಳ್ತಾ ಇರೋದು ನೀವೇ ಅಲ್ವಾ?”

ಮಾಸ್ತಿ ಅವನ ಜೇಬಿಗೆ ಕೈಹಾಕಿದ್ದೇ ತಡ, ಪಾಂಡು ಕಾಗದ ಕಿತ್ತು ಬಾಯಿಗೆ ತುರುಕಿ, ನುಂಗಿ, ಮೇಲೆ ಒಂದು ಚೊಂಬು ನೀರು ಕುಡಿದ.

ಏಳು ದಿನ ಹುಡುಕಿದರು. ಬೆಂಡೂ ಕಾಣಲಿಲ್ಲ. ಈ ಸಲ ದೇವರೂ ಸುಮ್ಮನಾದ. ದುರ್ಗಮ್ಮ ಎದೆ ಬಡಿದುಕೊಂಡು ಅತ್ತರೆ ಮಗ ಪಕ್ಕದಲ್ಲಿ ಕೂತು ಸಮಾಧಾನ ಹೇಳಿದ:

“ಅಳ್ಬೇಡ ಅಮ್ಮ. ಇನ್ನು ಆ ಬಲೆ ಯಾರ ಕೈಗೂ ಸಿಗೋದಿಲ್ಲ.”